ತುಲಾ ತಿಂಗಳಿನ ರಾಣಿಪುರಂ: ಮಳೆಯನ್ನು ಪಕ್ಕದಿಂದ ನೋಡುವುದು

ಕಾಸರಗೋಡಿನ ರಾಣಿಪುರಂ ಗುಡ್ಡೆ ಹತ್ತಲು ಒಳ್ಳೆಯ ಕಾಲ ಯಾವುದೆಂದು ವಿಚಾರಿಸಿದರೆ ಡಿಸೆಂಬರ್ ಅಥವಾ ಜನವರಿ ಎಂಬ ಉತ್ತರವೇ ಹೆಚ್ಚಿನವರಿಂದ ಬರುತ್ತದೆ. ಆ ಉತ್ತರದಲ್ಲಿ ತಪ್ಪೇನೂ ಇಲ್ಲ. ಆಗ ದಾರಿ ಒಣಗಿರುತ್ತದೆ, ರಕ್ತ ಹೀರುವ ಉಂಬಳಗಳ ಕಾಟ ಕಡಿಮೆ, ಆಕಾಶ ತಿಳಿಯಾಗಿರುವುದರಿಂದ ತುದಿಯಲ್ಲಿ ನಿಂತು ತೆಗೆದ ಫೋಟೋದಲ್ಲಿ ಕೊಡಗಿನ ಬೆಟ್ಟಗಳ ಸಾಲು ಒಂದರ ಹಿಂದೆ ಒಂದು ಸ್ಪಷ್ಟವಾಗಿ ಮೂಡುತ್ತದೆ. ಆದರೂ ನನ್ನ ಮಟ್ಟಿಗೆ ಆ ಗುಡ್ಡೆಗೆ ಹೋಗಬೇಕಾದದ್ದು ತುಲಾ ತಿಂಗಳಿನಲ್ಲಿ, ಅಂದರೆ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗಿನ ಅವಧಿಯಲ್ಲಿ. ಬೆಳಗ್ಗಿನ ಬಿಸಿಲು, ಹತ್ತು ಗಂಟೆಯ ಮಂಜು, ಮಧ್ಯಾಹ್ನದ ಸೆಕೆ, ಅದರ ಬೆನ್ನಿಗೆ ಗುಡುಗು, ಮಳೆ, ಮತ್ತೆ ಸಂಜೆಯ ತಿಳಿ ಬೆಳಕು, ಇಷ್ಟನ್ನೂ ಒಂದೇ ದಿನದಲ್ಲಿ ತೋರಿಸುವ ತಿಂಗಳು ನಮ್ಮ ಕಡೆ ಬೇರೊಂದಿಲ್ಲ. ದೃಶ್ಯ ನೋಡುವುದಕ್ಕೆ ಜನವರಿ ಸಾಕು. ಮಳೆ ಎಲ್ಲಿ ಹುಟ್ಟುತ್ತದೆ, ಎತ್ತ ಹೋಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ನೋಡಬೇಕಾದರೆ ತುಲೆಯೇ ಆಗಬೇಕು.

ಈ ಆಸೆಯ ಹಿಂದೆ ಒಂದು ಕಾರಣವಿದೆ. ನಾನು ಮುಳ್ಳೇರಿಯದ ಆಸುಪಾಸಿನಲ್ಲಿ ಅಡಿಕೆ ಬೆಳೆದು ಬದುಕುವವನು, ಮಳೆಯನ್ನು ಯಾವಾಗಲೂ ಕೆಳಗಿನಿಂದಲೇ ನೋಡಿದವನು. ಅಂಗಳದಲ್ಲಿ ನಿಂತು ತಲೆಯೆತ್ತಿದಾಗ ತೆಂಗಿನ ಗರಿಗಳ ನಡುವೆ ಕಾಣುವಷ್ಟು ತುಂಡು ಆಕಾಶ ಬೆಳ್ಳಗಿದೆಯೇ ಕಪ್ಪಗಿದೆಯೇ ಎಂಬುದೇ ನಮ್ಮ ಹವಾಮಾನ ಶಾಸ್ತ್ರ. ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮಳೆ ಬಿಟ್ಟ ಒಂದು ಹೊಳವು ಸಿಕ್ಕಿದರೆ ಸಾಕು, ಮೈಲುತುತ್ತು ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಸಿಬಿಡಬೇಕು, ಇಲ್ಲವಾದರೆ ಕೊಳೆರೋಗ ಬಂದು ಎಳೆಕಾಯಿ ಉದುರುತ್ತದೆ. ತುಲಾ ತಿಂಗಳಿನಲ್ಲಿ ಚಿಂತೆ ಮರದ ಮೇಲಿನಿಂದ ಅಂಗಳಕ್ಕೆ ಇಳಿಯುತ್ತದೆ. ಮೊದಲ ಕೊಯಿಲಿನ ಹಣ್ಣಡಿಕೆಯನ್ನು ಒಣಗಲು ಹರವಿರುತ್ತೇವೆ. ಸಿಪ್ಪೆ ಸಹಿತ ಅಡಿಕೆ ಚೆನ್ನಾಗಿ ಒಣಗಲು ಒಂದೂವರೆ ತಿಂಗಳ ಬಿಸಿಲು ಬೇಕು, ಅರೆ ಒಣಗಿದ ಅಡಿಕೆ ನೆನೆದರೆ ಬೂಸರು ಹಿಡಿಯುತ್ತದೆ. ಆದ್ದರಿಂದ ಮೂಡು ದಿಕ್ಕಿನಲ್ಲಿ ಒಂದು ಗುಡುಗು ಕೇಳಿದರೆ ಊಟದ ಎಲೆ ಬಿಟ್ಟು ಏಳುವವರು ನಾವು. ಮಳೆಯ ಬಗ್ಗೆ ಇಷ್ಟು ಯೋಚಿಸುವವನು ಅದನ್ನು ಒಮ್ಮೆಯಾದರೂ ಅದರ ಎತ್ತರದಲ್ಲಿ ನಿಂತು ನೋಡಬೇಡವೇ?

ರಾಣಿಪುರಂ ಇರುವುದು ಕಾಸರಗೋಡು ಜಿಲ್ಲೆಯ ತೆಂಕು ಮೂಡು ಮೂಲೆಯ ಪನತ್ತಡಿ ಪಂಚಾಯತಿನಲ್ಲಿ. ಮೊದಲು ಅದಕ್ಕೆ ಮಾಡತ್ತುಮಲ ಎಂಬ ಹೆಸರಿತ್ತು. 1970ರ ಸುಮಾರಿಗೆ ಕೋಟ್ಟಯಂ ಕಡೆಯ ಕ್ರೈಸ್ತ ವಲಸಿಗರು ಬಂದು ನೆಲೆಸಿದ ಮೇಲೆ ಮೇರಿ ಮಾತೆಯ ನೆನಪಿನಲ್ಲಿ ಈಗಿನ ಹೆಸರು ಬಂತು. ಗುಡ್ಡೆಯ ತುದಿ ಸಮುದ್ರಮಟ್ಟದಿಂದ 1,000 ಮೀಟರಿನ ಆಸುಪಾಸು. ಅರಣ್ಯ ಇಲಾಖೆಯ ಟಿಕೇಟು ಕೌಂಟರಿನವರೆಗೆ ವಾಹನ ಹೋಗುತ್ತದೆ, ಅಲ್ಲಿಂದ ಮೇಲೆ ಕಾಲುದಾರಿ. ಪ್ರವಾಸೋದ್ಯಮದ ಜಾಹೀರಾತುಗಳು ಇದನ್ನು ಕೇರಳದ ಊಟಿ ಎಂದು ಕರೆಯುತ್ತವೆ. ಊಟಿ ಇದರ ಎರಡು ಪಟ್ಟಿಗಿಂತ ಎತ್ತರದಲ್ಲಿದೆ ಎಂಬುದನ್ನು ಬದಿಗಿಟ್ಟರೂ, ತನ್ನದೇ ಆದ ಗುಣವಿರುವ ಗುಡ್ಡೆಗೆ ಇನ್ನೊಂದರ ಹೆಸರು ಹಚ್ಚುವ ಈ ಚಾಳಿ ನನಗೆ ಹಿಡಿಸುವುದಿಲ್ಲ.

ತುಲೆಯ ಹವಾಮಾನ ಯಾಕೆ ಹೀಗೆ ಬದಲಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೂನ್ 1ರ ಹೊತ್ತಿಗೆ ಕೇರಳಕ್ಕೆ ಬರುವ ಮುಂಗಾರು ಪಡುವಣ ಸಮುದ್ರದಿಂದ ಬೀಸುವ ಗಾಳಿಯ ಮಳೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಸುಮಾರು 3,500 ಮಿಲಿಮೀಟರಿನಲ್ಲಿ ಬಹುಪಾಲು ಅದರದ್ದೇ. ಆಗ ಇಡೀ ಆಕಾಶ ಒಂದೇ ಬೂದು ಬಣ್ಣಕ್ಕೆ ತಿರುಗಿ, ಹಗಲು ರಾತ್ರಿಯ ಭೇದವಿಲ್ಲದೆ, ಊರಿಂದೂರಿಗೆ ವ್ಯತ್ಯಾಸವಿಲ್ಲದೆ ಸುರಿಯುತ್ತದೆ. ಅಕ್ಟೋಬರ್ ನಡುವಿಗೆ ಆ ಗಾಳಿ ಹಿಂದೆ ಸರಿಯುತ್ತದೆ. ನೆಲದಲ್ಲಿ ನಾಲ್ಕು ತಿಂಗಳ ತೇವ ಉಳಿದಿರುತ್ತದೆ, ಬೆಳಿಗ್ಗೆ ಬಿಸಿಲು ಚುರುಕಾಗುತ್ತದೆ, ಹತ್ತು ಹನ್ನೊಂದು ಗಂಟೆಗೆ ಕಡಲ ಗಾಳಿ ಇನ್ನಷ್ಟು ತೇವವನ್ನು ಒಳನಾಡಿಗೆ ತರುತ್ತದೆ, ಈ ಬಿಸಿಯಾದ ಒದ್ದೆ ಗಾಳಿ ಘಟ್ಟದ ಮೈಗೆ ತಾಗಿ ಮೇಲೇರುತ್ತದೆ. ಏರಿದಷ್ಟೂ ತಣಿಯುವುದು ಗಾಳಿಯ ಗುಣ. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಎತ್ತರಕ್ಕೆ ಆರು ಡಿಗ್ರಿಯಷ್ಟು ಚಳಿ ಹೆಚ್ಚುತ್ತದೆ. ಮೇಲೇರಿದ ತೇವವೆಲ್ಲ ಮೋಡವಾಗಿ ಮಧ್ಯಾಹ್ನಕ್ಕೆ ಗೋಪುರದ ಎತ್ತರಕ್ಕೆ ಬೆಳೆದು, ಘಟ್ಟದ ಮೇಲೆ ಬೀಸುವ ಮೂಡಣ ಗಾಳಿಗೆ ಸಿಕ್ಕಿ ಕರಾವಳಿಯತ್ತ ಬಾಗುತ್ತದೆ. ಹೀಗಾಗಿ ತುಲೆಯ ಮಳೆ ಮೂಡಿನಿಂದ ಇಳಿದು ಬರುತ್ತದೆ, ಗುಡುಗು ಮಿಂಚಿನೊಂದಿಗೆ ಬರುತ್ತದೆ, ಒಂದು ಊರಿಗೆ ಸುರಿದು ಪಕ್ಕದ ಊರನ್ನು ಬಿಟ್ಟುಬಿಡುತ್ತದೆ. ಇದೇ ಹೊತ್ತಿಗೆ ಬರುವ ಚಿತ್ತಾ ನಕ್ಷತ್ರದ ಮಳೆಯನ್ನು ಹಿರಿಯರು ಕುರುಡು ಚಿತ್ತೆ ಎಂದು ಕರೆದದ್ದು ಈ ನಡತೆ ಕಂಡೇ ಇರಬೇಕು.

ಇಂಥ ಮಳೆಗೆ ಮುನ್ಸೂಚನೆ ಕೊಡುವುದು ಸುಲಭವಲ್ಲ. ನಾವು ಹೊರಡುವ ಹಿಂದಿನ ಸಂಜೆ ಹವಾಮಾನ ಇಲಾಖೆಯ ಪಟ್ಟಿಯಲ್ಲಿ ಕಾಸರಗೋಡಿಗೆ ಹಳದಿ ಬಣ್ಣ ಹಚ್ಚಿದ್ದರು. ಮಳೆಯ ಲೆಕ್ಕದಲ್ಲಿ ಹಳದಿ ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬೀಳುವ ಸಾಧ್ಯತೆ. ಆದರೆ ಬೇಕಲದ ಮರಳಿನಿಂದ ರಾಣಿಪುರದ ಹುಲ್ಲಿನವರೆಗೆ ಸುಮಾರು 2,000 ಚದರ ಕಿಲೋಮೀಟರಿಗೆ ಬಳಿದದ್ದು ಒಂದೇ ಬಣ್ಣ. ಹಳದಿ ಇದೆಯೆಂದು ಮನೆಯಲ್ಲಿ ಕುಳಿತರೆ ತುಲೆಯಲ್ಲಿ ತಿಂಗಳಿಡೀ ಮನೆಯಲ್ಲೇ ಕುಳಿತಿರಬೇಕಾಗುತ್ತದೆ. ಹಾಗೆಂದು ಮುನ್ಸೂಚನೆಯನ್ನು ಗೇಲಿ ಮಾಡುವವರ ಪೈಕಿ ನಾನಲ್ಲ. 2020ರ ಆಗಸ್ಟ್ ತಿಂಗಳಿನಲ್ಲಿ ಇದೇ ಬೆಟ್ಟಸಾಲಿನ ತಲಕಾವೇರಿಯಲ್ಲಿ ಗಜಗಿರಿ ಬೆಟ್ಟ ಕುಸಿದು ಕ್ಷೇತ್ರದ ಅರ್ಚಕರ ಕುಟುಂಬವೇ ಮಣ್ಣಿನಡಿಯಾದುದನ್ನು ಮರೆತವರು ಈ ಕಡೆ ಯಾರೂ ಇಲ್ಲ. ಆಟಿಯಲ್ಲಿ ಕೆಂಪು, ಕಿತ್ತಳೆ ಬಣ್ಣ ಬಂದಾಗ ಗುಡ್ಡೆಯ ಹೆಸರನ್ನೇ ಎತ್ತಬಾರದು. ತುಲೆಯ ಹಳದಿಗೆ ಬೇರೆ ಲೆಕ್ಕ: ಇಲ್ಲಿ ಮುಖ್ಯವಾದದ್ದು ಮಳೆಯ ಪ್ರಮಾಣಕ್ಕಿಂತ ಮಳೆಯ ಹೊತ್ತು. ಈ ತಿಂಗಳುಗಳಲ್ಲಿ ಸಿಡಿಲಿನ ಭಯ ಮಧ್ಯಾಹ್ನ 2ರಿಂದ ರಾತ್ರಿ 10ರವರೆಗೆ ಹೆಚ್ಚೆಂದು ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರ ಪ್ರತಿ ವರ್ಷ ಎಚ್ಚರಿಸುತ್ತದೆ. ಹಾಗಾದರೆ ಬೆಳಿಗ್ಗೆ ಬೇಗ ಹತ್ತಿ, ಎರಡು ಗಂಟೆಯ ಮೊದಲು ಬೋಳು ಗುಡ್ಡೆಯಿಂದ ಕಾಡಿನೊಳಕ್ಕೆ ಇಳಿದುಬಿಡಬೇಕು. ದಿನದ ಉಳಿದೆಲ್ಲ ಯೋಜನೆಯೂ ಈ ಒಂದು ಗಡುವಿಗೆ ಹೊಂದಿಕೊಂಡಿತ್ತು.

ಜೊತೆಗೆ ಬಂದವರು ನನ್ನ ಅಕ್ಕನ ಗಂಡ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಮ್ಮಲ್ಲಿನ ರೂಢಿಯಂತೆ ಅವರಿಗೆ ನಾನೂ ಭಾವ, ನನಗೆ ಅವರೂ ಭಾವ. ಮಳೆಮಾಪಕದ ಹುಚ್ಚು ನನಗೆ ಹಿಡಿಸಿದವರೂ ಅವರೇ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗುಡ್ಡೆ ಮತ್ತು ಒಂದು ತೋಡು ಮಾತ್ರ ಇದ್ದರೂ ಬೆಳಿಗ್ಗೆ ಅಳತೆ ನೋಡಿ ಇಬ್ಬರೂ ಫೋನಿನಲ್ಲಿ ಅಂಕಿ ಹೇಳಿಕೊಳ್ಳುವ ಅಭ್ಯಾಸ ತಪ್ಪಿಲ್ಲ.

ಮುಳ್ಳೇರಿಯದಿಂದ ಬಂದಡ್ಕದ ಮೇಲಾಗಿ ಪನತ್ತಡಿಗೆ ಹೋಗುವುದು ಈಗ ಸುಲಭವಾಗಿದೆ. ನಂದಾರಪದವಿನಿಂದ ಪಾರಶಾಲೆಯವರೆಗೆ ಕೇರಳದ ಉದ್ದಕ್ಕೂ ಹಾಯುವ ಮಲೆನಾಡ ಹೆದ್ದಾರಿ ಈ ಊರುಗಳನ್ನೆಲ್ಲ ಪೋಣಿಸಿದೆ. ಬಂದಡ್ಕದಲ್ಲಿ ಅರೆಭಾಷೆ ಕೇಳಿಸುತ್ತದೆ, ಅಲ್ಲಿಂದ ಮುಂದೆ ಮಲಯಾಳವೇ ಹೆಚ್ಚು. ಮುರಕಲ್ಲಿನ ಪದವುಗಳು ಮುಗಿದು ರಬ್ಬರು ತೋಟಗಳು ಶುರುವಾಗುವ ತನಕವೂ ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ತಗ್ಗಿನ ಬಯಲುಗಳಲ್ಲಿ ಮಾತ್ರ ರಾತ್ರಿಯ ಮಂಜು ಉಳಿದಿತ್ತು.

ಟಿಕೇಟು ಕೊಟ್ಟ ವಾಚರು ನಮ್ಮ ಚೀಲದಲ್ಲಿದ್ದ ಪ್ಲಾಸ್ಟಿಕ್ ಬಾಟಲಿಗಳನ್ನು ಎಣಿಸಿಕೊಂಡರು, ಆನೆಯ ಸುದ್ದಿಯೇನೂ ಇಲ್ಲವೆಂದರು, ಮತ್ತು ಮಧ್ಯಾಹ್ನ ದಾಟಿದರೆ ಗುಡುಗು ಖಂಡಿತ, ಬೇಗ ಇಳಿಯಬೇಕು ಎಂದು ಮಲಯಾಳದಲ್ಲಿ ಎರಡೆರಡು ಸಲ ಹೇಳಿದರು. ನಮ್ಮ ಕಾಲುಚೀಲಗಳನ್ನು ನೋಡಿ ಉಂಬಳಕ್ಕೆ ಉಪ್ಪಿದೆಯೇ ಎಂದೂ ಕೇಳಿದರು. ಭಾವನ ಬಳಿ ಅದಕ್ಕಿಂತ ಹಳೆಯ ಮದ್ದಿತ್ತು: ಒಂದು ಕೋಲಿನ ತುದಿಗೆ ಹಳೆ ಬಟ್ಟೆಯಲ್ಲಿ ಸುಣ್ಣ ಮತ್ತು ಹೊಗೆಸೊಪ್ಪು ಸೇರಿಸಿ ಕಟ್ಟಿದ ಗಂಟು. ಅದನ್ನು ನೀರಿಗೆ ಅದ್ದಿ ಹಿಡಿದುಕೊಂಡರೆ ನಡೆಯುವಾಗ ಊರುಗೋಲು, ಉಂಬಳ ಹತ್ತಿದಾಗ ಆಯುಧ.

ಮೊದಲ ಅರ್ಧ ದಾರಿ ಕಾಡಿನೊಳಗೆ ಹೋಗುತ್ತದೆ. ಹೊರಗೆ ಎಷ್ಟೇ ಬಿಸಿಲಿದ್ದರೂ ಇಲ್ಲಿ ನೆಲ ಒಣಗುವುದಿಲ್ಲ, ಎಲೆಗಳ ಹಾಸಿನ ಮೇಲೆ ಕಾಲಿಟ್ಟಲ್ಲೆಲ್ಲ ನೀರು ಜಿನುಗುತ್ತದೆ. ಉಂಬಳಗಳು ಕಾದಿರುವುದೂ ಇಲ್ಲಿಯೇ. ಒಂದು ಕಡೆ ಕುಳಿತು ನೋಡಿದೆ: ಬಿದ್ದ ಎಲೆಯ ಅಂಚಿನಲ್ಲಿ ಬೆಂಕಿಕಡ್ಡಿಗಿಂತ ತೆಳ್ಳಗಿನ ಒಂದು ಉಂಬಳ ಹಿಂಬದಿಯ ಬಟ್ಟಲನ್ನು ಎಲೆಗೆ ಅಂಟಿಸಿ, ಉಳಿದ ಮೈಯನ್ನು ಗಾಳಿಯಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿತ್ತು. ನಾನು ಉಸಿರು ಬಿಟ್ಟ ಕೂಡಲೇ ನನ್ನತ್ತ ಬಾಗಿತು; ಬಳಿಕ ತಲೆಯನ್ನು ಊರಿ, ಬಾಲವನ್ನು ಅದರ ಹತ್ತಿರಕ್ಕೆ ಎಳೆದುಕೊಂಡು, ಮತ್ತೆ ತಲೆ ಚಾಚಿ, ಗೇಣಿನಿಂದ ಅಳೆಯುವ ಹಾಗೆ ಬರತೊಡಗಿತು. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವವನ್ನು ಬಿಡುವುದರಿಂದ ಅದು ಕಳಚಿಬಿದ್ದ ಮೇಲೆಯೂ ಗಾಯ ಸೋರುತ್ತಲೇ ಇರುತ್ತದೆ. ಇವು ಇಷ್ಟು ಸಂಖ್ಯೆಯಲ್ಲಿ ಇರುವುದೆಂದರೆ ನೆಲದ ತೇವ ಆರಿಲ್ಲವೆಂದು ಅರ್ಥ, ಮಧ್ಯಾಹ್ನದ ಮೋಡಕ್ಕೆ ಬೇಕಾದ ದಾಸ್ತಾನು ಕಾಡಿನ ನೆಲದಲ್ಲಿ ಸಿದ್ಧವಾಗಿದೆಯೆಂದು ಅರ್ಥ.

ಕಾಡು ಒಮ್ಮೆಲೆ ಮುಗಿಯುತ್ತದೆ. ಕುಳ್ಳು ಮರಗಳ ಕೊನೆಯ ಸಾಲನ್ನು ದಾಟಿದೊಡನೆ ಎದುರಿಗೆ ಸೊಂಟದೆತ್ತರದ ಮುಳಿಹುಲ್ಲು, ಅದರ ಆಚೆಗೆ ಆಕಾಶ. ಮಣ್ಣು ತೆಳುವಾಗಿ ಗಾಳಿ ಜೋರಾಗಿರುವ ಏಣುಗಳಲ್ಲಿ, ಅಂದರೆ ಗುಡ್ಡೆಯ ಬೆನ್ನುಗಳಲ್ಲಿ ಹುಲ್ಲು, ನೀರು ಮತ್ತು ಮಣ್ಣು ಸೇರುವ ಮಡಿಕೆಗಳಲ್ಲಿ ಕಾಡು, ಈ ಹಂಚಿಕೆ ಇಲ್ಲಿಂದ ಕೊಡಗಿನ ಬೆಟ್ಟಗಳವರೆಗೂ ಮುಂದುವರಿಯುವುದನ್ನು ನೋಡಬಹುದು. ಅದನ್ನು ನೋಡುತ್ತಾ ನಿಂತಿದ್ದ ಹಾಗೆಯೇ ನಾವು ಹತ್ತಿ ಬಂದ ಕಣಿವೆಯಿಂದ ಮಂಜು ಮೇಲೆದ್ದು ಬಂತು. ಕೆಳಗಿನ ಊರಿನವರಿಗೆ ಅದು ಗುಡ್ಡೆಯ ತಲೆಗೆ ಕಟ್ಟಿದ ಒಂದು ಬಿಳಿ ಮೋಡ. ಒಳಗಿದ್ದ ನಮಗೆ ಹತ್ತು ಮಾರು ಮುಂದಿನ ದಾರಿ ಕಾಣದ ಬಿಳುಪು. ಮಳೆಯ ಒಂದು ಹನಿಯೂ ಬೀಳುತ್ತಿರಲಿಲ್ಲ, ಆದರೂ ಎಲ್ಲವೂ ಒದ್ದೆಯಾಗತೊಡಗಿತು. ಮುಂಗೈಯ ಪ್ರತಿ ಕೂದಲಿನ ತುದಿಯಲ್ಲೂ ರಾಗಿಕಾಳಿಗಿಂತ ಸಣ್ಣ ಹನಿ ಕೂತು ಕೈ ನರೆತಂತೆ ಕಂಡಿತು. ಹುಲ್ಲಿನ ಪ್ರತಿ ಗರಿಯಲ್ಲೂ ಹನಿಗಳು ಒಂದಕ್ಕೊಂದು ಸೇರಿ ದಪ್ಪವಾಗಿ, ಗರಿಯ ನಡುವಿನ ಗೆರೆಯಲ್ಲಿ ಜಾರಿ ಬುಡಕ್ಕೆ ಇಳಿಯುತ್ತಿದ್ದವು. ನಮ್ಮ ಮಳೆಮಾಪಕಗಳು ಈ ನೀರನ್ನು ಅಳೆಯುವುದಿಲ್ಲ. ಎಕರೆಗಟ್ಟಲೆ ಹುಲ್ಲು ಹೀಗೆ ಮೋಡವನ್ನು ಸೋಸಿ ನೆಲಕ್ಕೆ ಇಳಿಸುವುದನ್ನು ಕಣ್ಣೆದುರಿಗೆ ಕಂಡ ಮೇಲೆ, ಬೇಸಗೆಯಲ್ಲೂ ಗುಡ್ಡೆಯ ಬುಡದ ಒರತೆಗಳು ಬತ್ತದಿರುವುದಕ್ಕೆ ಜೂನ್ ತಿಂಗಳ ಮಳೆ ಒಂದೇ ಕಾರಣವೆಂದು ನಾನು ಒಪ್ಪಲಾರೆ.

ಮಂಜು ಕವಿದಾಗ ಕುಳಿತುಕೊಳ್ಳುವುದೊಂದೇ ದಾರಿ. ಗಾಳಿಗೆ ಬೆನ್ನು ಕೊಟ್ಟು ಬಂಡೆಯ ಮರೆಯಲ್ಲಿ ಕುಳಿತು ಬಾಳೆಲೆಯಲ್ಲಿ ಕಟ್ಟಿ ತಂದ ಕೊಟ್ಟಿಗೆ ಎಂಬ ಅಕ್ಕಿಯ ತಿಂಡಿಯನ್ನು ಬಿಚ್ಚಿದೆವು. ಬೆವರಿನಲ್ಲಿ ನೆನೆದ ಅಂಗಿಗೆ ಗಾಳಿ ತಾಗಿದಾಗ ಚಳಿ ಎಲುಬಿಗೇ ಇಳಿಯುತ್ತದೆ. ಅರ್ಧ ಗಂಟೆಯ ಹಿಂದೆ ಕಾಡಿನಲ್ಲಿ ಸೆಕೆಯೆಂದು ಬೈದವರು ನಾವೇ ಎಂಬುದು ನಂಬುವ ಮಾತಲ್ಲ. ಒಣಗಿದ ಒಂದು ಬನಿಯನ್ನು ಚೀಲದ ತಳದಲ್ಲಿ ಇಟ್ಟುಕೊಂಡು ಬರುವುದು ಕೊಡೆ ತರುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಏಣಿನ ಮೇಲೆ ಕೊಡೆ ಬಿಡಿಸಿದವರ ಕೊಡೆ ಮಗುಚುವುದನ್ನು ನೋಡಿದ್ದೇನೆ, ಗುಡುಗಿನ ಹೊತ್ತಿನಲ್ಲಂತೂ ಕಬ್ಬಿಣದ ಕಾಂಡವನ್ನು ತಲೆಯ ಮೇಲೆ ಎತ್ತಿ ಹಿಡಿದು ನಡೆಯುವುದು ಬುದ್ಧಿವಂತಿಕೆಯಲ್ಲ.

ಬಂದ ಹಾಗೆಯೇ ಮಂಜು ಹರಿದು ಹೋಯಿತು. ನಾವು ತುದಿ ಮುಟ್ಟಿದಾಗ ಹನ್ನೊಂದು ದಾಟಿತ್ತು, ಸುತ್ತಲೂ ತೊಳೆದಿಟ್ಟ ಬೆಳಕಿತ್ತು. ಮೂಡಿಗೆ ತಲಕಾವೇರಿ ವನ್ಯಜೀವಿಧಾಮದ ಕಾಡು ಏರುತ್ತಾ ಹೋಗಿ ನೀಲಿ ಬೆಟ್ಟಗಳಲ್ಲಿ ಮುಗಿಯುತ್ತದೆ. ಆ ಸಾಲಿನಲ್ಲಿ, ಇಲ್ಲಿಂದ ನೇರ ದೂರ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ, 1,276 ಮೀಟರ್ ಎತ್ತರದ ತಲಕಾವೇರಿ. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ನಮ್ಮ ಕಡೆಯಿಂದಲೂ ಪಾಣತ್ತೂರು, ಕರಿಕೆಯ ದಾರಿಯಾಗಿ ಭಾಗಮಂಡಲಕ್ಕೆ ಹೋಗುವವರಿದ್ದಾರೆ. ಒಂದೇ ಮೋಡ ಈ ಸಾಲಿನ ಮೇಲೆ ಸುರಿದರೆ ಮೂಡಿನ ಇಳಿಜಾರಿಗೆ ಬಿದ್ದ ನೀರು ಕಾವೇರಿಯಾಗಿ ಸುಮಾರು 800 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿಗೆ ಸೇರಬೇಕು. ಈಚೆ ಮಗ್ಗುಲಿಗೆ ಬಿದ್ದ ನೀರಿನ ಒಂದು ಪಾಲು ಚಂದ್ರಗಿರಿ ಹೊಳೆ ಹಿಡಿದು ಕಾಸರಗೋಡಿನ ಬಳಿ ಅರಬ್ಬೀ ಸಮುದ್ರಕ್ಕೆ ಹೋಗಿಬಿಡುತ್ತದೆ. ಮೊಬೈಲು ಕೂಡ ಇಲ್ಲಿ ಎರಡು ಮನಸ್ಸಿನದು. ಒಂದು ಹೆಜ್ಜೆಗೆ ಕೇರಳದ ಟವರು, ಮತ್ತೊಂದು ಹೆಜ್ಜೆಗೆ ಕರ್ನಾಟಕದ್ದು.

ಹನ್ನೆರಡರ ಹೊತ್ತಿಗೆ ಮೂಡು ಬಡಗಿನಲ್ಲಿ ಬಿಳಿ ಮೋಡಗಳು ಕೂಡತೊಡಗಿದವು. ಮೊದಲಿಗೆ ಅವು ಬೇರೆ ಬೇರೆಯಾಗಿದ್ದವು, ಎಲ್ಲದರ ತಳವೂ ಗೆರೆ ಎಳೆದಂತೆ ಒಂದೇ ಮಟ್ಟದಲ್ಲಿತ್ತು. ಏರುವ ಗಾಳಿಯ ತೇವ ಹನಿಗಟ್ಟುವ ಎತ್ತರ ಅದೆಂದು ಭಾವ ವಿವರಿಸಿದರು. ತಳ ಅಲ್ಲಾಡದೆ ನಿಂತಿದ್ದರೂ ತಲೆಗಳು ಮಾತ್ರ ನೋಡುನೋಡುತ್ತಿದ್ದಂತೆ ಉಬ್ಬಿ ಮೇಲೇರುತ್ತಿದ್ದವು. ಅವುಗಳಲ್ಲೊಂದು ಉಳಿದವನ್ನು ನುಂಗಿಕೊಂಡು ಬೆಳೆಯಿತು. ಅದರ ನೆತ್ತಿಯ ಗಟ್ಟಿ ಅಂಚು ಸ್ವಲ್ಪ ಹೊತ್ತಿನಲ್ಲಿ ಮಸುಕಾಗಿ, ಚಪ್ಪಟೆಯಾಗಿ, ಪಡುವಣಕ್ಕೆ ಹರಡಿತು. ಅಂಚು ಮಸುಕಾಯಿತೆಂದರೆ ಮೇಲಿನ ಹನಿಗಳು ಮಂಜುಗಡ್ಡೆಯ ಹರಳುಗಳಾಗಿವೆ ಎಂದು ಲೆಕ್ಕ, ಗುಡುಗು ಅಲ್ಲಿಂದ ದೂರವಿಲ್ಲ.

ಮಳೆಯನ್ನು ನಾನು ಪಕ್ಕದಿಂದ ನೋಡಿದ್ದು ಆಗ. ಮೋಡದ ಕಪ್ಪು ತಳದಿಂದ ಬೂದು ಬಣ್ಣದ ಮಳೆ ಹಿಂಡದೆ ಹಗ್ಗಕ್ಕೆ ಹಾಕಿದ ಪಂಚೆಯಂತೆ ಜೋತುಬಿದ್ದಿತ್ತು. ಅದರ ಈಚೆಗೂ ಬಿಸಿಲು, ಆಚೆಗೂ ಬಿಸಿಲು. ಒಂದಂಚು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಆರಿಹೋಗುತ್ತಿತ್ತು. ಇನ್ನೊಂದಂಚು ಕಾಡಿನ ಮೇಲೆ ಎಳೆದುಕೊಂಡು ಹೋಗುತ್ತಾ ಹಾದಲ್ಲೆಲ್ಲ ಮರಗಳ ಹಸಿರನ್ನು ಅಳಿಸುತ್ತಿತ್ತು, ದಾಟಿದ ಮೇಲೆ ಅದೇ ಹಸಿರು ಹೊಳೆಯುತ್ತಾ ಹೊರಬರುತ್ತಿತ್ತು. ಅಂಗಳದಲ್ಲಿ ನಿಂತವನಿಗೆ ಆಕಾಶವನ್ನೆಲ್ಲ ತುಂಬಿಕೊಂಡು ಬರುವ ಮಳೆಗೆ ಇಷ್ಟು ಚಿಕ್ಕ ಅಗಲ, ಇಷ್ಟು ಸ್ಪಷ್ಟವಾದ ಗಡಿ ಇರುತ್ತದೆಂದು ನಾನು ತಿಳಿದಿರಲಿಲ್ಲ. ಅದರಡಿಯಲ್ಲಿದ್ದ ಮನೆಗಳವರು ಆಗ ಏನೇನು ಎತ್ತಿ ಒಳಗೆ ಹಾಕುತ್ತಿದ್ದಾರೋ ಎಂಬುದೂ ನೆನಪಿಗೆ ಬಂತು. ಕಾಮನಬಿಲ್ಲು ಕಾಣಬೇಕಿತ್ತಲ್ಲ ಎಂದೆ. ಸೂರ್ಯ ದಿಗಂತದಿಂದ 42 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಕಾಮನಬಿಲ್ಲು ಆಕಾಶದಲ್ಲಿ ಮೂಡುವುದು, ಈಗ ಅವನು ನೆತ್ತಿಯ ಮೇಲಿದ್ದಾನೆ ಎಂದು ಮೇಷ್ಟ್ರ ಉತ್ತರ ಬಂತು.

ಮೋಡ ಬಾಗಿದ್ದು ಬಂದಡ್ಕದ ಕಡೆಗೆ. ಬಂದಡ್ಕದ ಆಚೆಗೆ ಅದೇ ಗೆರೆಯಲ್ಲಿ ನಮ್ಮ ಮನೆ, ಮನೆಯ ಮುಂದೆ ಹರವಿದ ಅಡಿಕೆ. ಟವರು ಸಿಕ್ಕಿದ ಕಡೆ ನಿಂತು ಮನೆಗೆ ಫೋನು ಮಾಡಿ, ಮಳೆ ಬರುತ್ತಿದೆ, ಅಡಿಕೆ ತೆಗೆದಿಡು ಎಂದೆ.

“ಇಲ್ಲಿ ಕಣ್ಣು ಬಿಡ್ಲೆ ಎಡಿಯದ್ದ ಬೆಶಿಲು. ಈಗ ಎಂತಕೆ ಅಡಕ್ಕೆ ತೆಗವದು?” ಎಂದಳು ಹೆಂಡತಿ.

ಇಪ್ಪತ್ತೈದು ಕಿಲೋಮೀಟರ್ ದೂರದಲ್ಲಿ, ಸಾವಿರ ಮೀಟರ್ ಎತ್ತರದಲ್ಲಿ ನಿಂತವನು ಹೇಳುವ ಮಳೆಯನ್ನು ಸುಡುವ ಅಂಗಳದಲ್ಲಿ ನಿಂತವಳು ನಂಬಬೇಕಾದ ಕಾರಣವಿಲ್ಲ. ಟಾರ್ಪಾಲನ್ನಾದರೂ ಹತ್ತಿರ ತಂದಿಟ್ಟುಕೋ ಎಂದೆ. ಅಷ್ಟರಲ್ಲಿ ಮೋಡದೊಳಗೊಂದು ಮಿಂಚು ಹೊಳೆಯಿತು. ಭಾವ ಬೆರಳು ಮಡಚುತ್ತಾ ಎಣಿಸತೊಡಗಿದರು. ಶಬ್ದಕ್ಕೆ ಒಂದು ಕಿಲೋಮೀಟರ್ ದಾಟಲು ಸುಮಾರು ಮೂರು ಸೆಕೆಂಡು ಬೇಕು. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ, ಬಯಲಿನಲ್ಲಿ ನಿಲ್ಲಬಾರದು. ಎಣಿಕೆ ಮೂವತ್ತೆಂಟಕ್ಕೆ ನಿಂತಿತು. “ಮಳೆ ಬಕ್ಕು ಭಾವ, ಇನ್ನು ಇಳಿವ” ಎಂದು ಕೋಲು ಎತ್ತಿಕೊಂಡರು. ತುದಿಯಲ್ಲಿ ಇನ್ನೂ ಹತ್ತು ಹನ್ನೆರಡು ಹುಡುಗರು ಸೆಲ್ಫಿ ತೆಗೆಯುತ್ತಿದ್ದರು. ಅವರಿಗೂ ಹೇಳಿದೆವು. ಕೆಲವರು ಬಂದರು, ಕೆಲವರು ಮೋಡವೇ ಚೆನ್ನಾಗಿದೆ ಎಂದು ಉಳಿದರು.

ಒದ್ದೆ ಹುಲ್ಲಿನ ಇಳಿಜಾರಿನಲ್ಲಿ ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಅವಸರಪಟ್ಟರೆ ಇನ್ನೂ ಕಷ್ಟ. ಹಿಮ್ಮಡಿ ಊರಿ, ಅಡ್ಡಡ್ಡವಾಗಿ ಹೆಜ್ಜೆ ಇಡಬೇಕು. ಎರಡನೆಯ ಮಿಂಚಿನ ಎಣಿಕೆ ಇಪ್ಪತ್ತಾರು, ನಂತರದ್ದು ಹತ್ತೊಂಬತ್ತು. ಅಷ್ಟು ಹೊತ್ತು ಬೆನ್ನಿಗೆ ತಾಗುತ್ತಿದ್ದ ಬೆಚ್ಚಗಿನ ಪಡುಗಾಳಿ ಒಮ್ಮೆಗೇ ನಿಂತು ಎದುರಿನಿಂದ ಚಳಿಗಾಳಿ ಬೀಸಿತು, ಹಸಿಮಣ್ಣಿನ ವಾಸನೆ ಮಳೆಗಿಂತ ಮೊದಲೇ ಬಂತು. ಮೋಡದಿಂದ ಕೆಳಕ್ಕೆ ಸುರಿಯುವ ತಣ್ಣಗಿನ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುವುದರಿಂದ ಹೀಗಾಗುತ್ತದೆ. ಗಾಳಿ ಹೀಗೆ ದಿಕ್ಕು ಬದಲಿಸಿದ ಮೇಲೆ ಹೆಚ್ಚು ಹೊತ್ತು ಸಿಗುವುದಿಲ್ಲ. ನಾವು ಕಾಡಿನ ಅಂಚು ಸೇರಿದೆವು; ಅಲ್ಲಿಯೂ ಅಂಚಿನ ಒಂಟಿ ಮರದಡಿ ನಿಲ್ಲದೆ, ಮರಗಳೆಲ್ಲ ಸಮ ಎತ್ತರಕ್ಕಿರುವ ಒಳಭಾಗದಲ್ಲಿ ಒಬ್ಬರಿಂದೊಬ್ಬರು ದೂರವಾಗಿ ನಡೆದೆವು. ಕಾಡೂ ಪೂರ್ತಿ ಸುರಕ್ಷಿತವೇನಲ್ಲ, ಆದರೆ ಬೋಳು ಏಣಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನಾವೇ ಆಗಿ ನಿಲ್ಲುವುದಕ್ಕಿಂತ ಎಷ್ಟೋ ಮೇಲು.

ಕಾಡಿನೊಳಗೆ ಮಳೆ ಮೊದಲು ಶಬ್ದವಾಗಿ ಬಂತು. ಐದಾರು ನಿಮಿಷ ಮೇಲಿನ ಎಲೆಗಳ ಮೇಲೆ ಬಡಿತ ಕೇಳಿದರೂ ನಮ್ಮ ಮೇಲೆ ಹನಿ ಬೀಳಲಿಲ್ಲ. ಆಮೇಲೆ ಎಲ್ಲ ಕಡೆಯಿಂದಲೂ ಸೋರತೊಡಗಿತು. ಹತ್ತುವಾಗ ಮಾಮೂಲಿ ಕಾಲುದಾರಿಯಾಗಿದ್ದದ್ದು ಕೆಂಬಣ್ಣದ ನೀರಿನ ಓಣಿಯಾಯಿತು, ನಮ್ಮ ಪಕ್ಕದಲ್ಲೇ ಹರಿಯುವ ತೋಡು ಮಾತ್ರ ಬಹಳ ಹೊತ್ತು ತಿಳಿಯಾಗಿಯೇ ಇತ್ತು. ದಾರಿಯ ನೀರು ಕೆಂಪು, ಕಾಡಿನ ನೀರು ತಿಳಿ. ಜನ ನಡೆದು ಎಲೆಹಾಸು ಕಳೆದುಕೊಂಡ ಎರಡಡಿ ಅಗಲದ ನೆಲದಿಂದ ಅಷ್ಟು ಮಣ್ಣು ಹೋಗುವುದಾದರೆ ಇಡೀ ಗುಡ್ಡೆ ಬೋಳಾದಲ್ಲಿ ಎಷ್ಟು ಹೋದೀತೆಂದು ಲೆಕ್ಕ ಹಾಕುವುದಕ್ಕೆ ಮೇಷ್ಟ್ರು ಬೇಕಾಗಿಲ್ಲ. ಕೌಂಟರು ಮುಟ್ಟಿದಾಗ ಎರಡು ಗಂಟೆಗೆ ಹತ್ತು ನಿಮಿಷ ಬಾಕಿ ಇತ್ತು, ವಾಚರು ಹೊಸ ಟಿಕೇಟು ಕೊಡುವುದನ್ನು ನಿಲ್ಲಿಸಿದ್ದರು. ತುದಿಯಲ್ಲಿ ಉಳಿದ ಹುಡುಗರು ಅರ್ಧ ಗಂಟೆಯ ಬಳಿಕ ತೊಯ್ದು ತೊಪ್ಪೆಯಾಗಿ ಓಡಿ ಬಂದರು. ಏನೂ ಆಗಿರಲಿಲ್ಲ, ಅವರ ಪುಣ್ಯ. ವಾಚರು ಅವರಿಗೆ ಮಾಡಿದ ಮಂಗಳಾರತಿಯನ್ನು ಅನುವಾದಿಸುವ ಅಗತ್ಯವಿಲ್ಲ.

ಮರಳುವಾಗ ಬಂದಡ್ಕದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅಲ್ಲಿ ರಸ್ತೆ ತುಂಬ ನೀರು, ಚರಂಡಿ ಉಕ್ಕಿ ಹರಿದ ಗುರುತು. ಮುಕ್ಕಾಲು ಗಂಟೆ ಕಣ್ಣು ಬಿಡಲಾಗದಂತೆ ಹೊಡೆಯಿತು ಎಂದರು ಹೋಟೆಲಿನವರು. ಒಂದೆರಡು ಕಿಲೋಮೀಟರ್ ಮುಂದಕ್ಕೆ ಹೋಗುವಾಗ ರಸ್ತೆಯ ಮೇಲೆ ಒದ್ದೆ ಮತ್ತು ಒಣ ಡಾಂಬರಿನ ನಡುವೆ ಗೆರೆಯೊಂದು ಕಂಡಿತು, ಅಲ್ಲಿಂದ ಮುಂದೆ ಬೈಕುಗಳು ಧೂಳೆಬ್ಬಿಸುತ್ತಿದ್ದವು. ಗುಡ್ಡೆಯಿಂದ ನೋಡಿದ ಮೋಡ ಅಲ್ಲಿಗೇ ಮುಗಿದಿತ್ತು. ಇಂಥ ಒಂಟಿ ಗುಡುಗುಮೋಡದ ಆಯುಷ್ಯ ಅರ್ಧ ಗಂಟೆಯಿಂದ ಒಂದು ಗಂಟೆ; ಸುರಿದ ಮಳೆಯ ಚಳಿಗಾಳಿಯೇ ತನ್ನ ಬುಡಕ್ಕೆ ಬರುವ ಬಿಸಿಗಾಳಿಯನ್ನು ತಡೆದು ಅದನ್ನು ಸಾಯಿಸುತ್ತದೆ. ಆದರೆ ಅದೇ ಚಳಿಗಾಳಿ ಮುಂದಕ್ಕೆ ನುಗ್ಗಿ ಎದುರಿನ ಬಿಸಿಗಾಳಿಯನ್ನು ಮೇಲಕ್ಕೆತ್ತಿದರೆ ಅಲ್ಲಿ ಇನ್ನೊಂದು ಮೋಡ ಹುಟ್ಟುತ್ತದೆ. ನಮ್ಮೂರಿಗೆ ಬಂದದ್ದು ಆ ಎರಡನೆಯದು. ಮನೆ ತಲಪುವಾಗ ಅಡಿಕೆಯ ರಾಶಿಯ ಮೇಲೆ ಟಾರ್ಪಾಲು ಹೊದಿಸಿ ನಾಲ್ಕು ಮೂಲೆಗೂ ಕಲ್ಲು ಹೇರಿದ್ದರು. ನಾಲ್ಕು ಗಂಟೆಗೆ ಬಿಸಿಲಿರುವಾಗಲೇ ಬಡಗು ಕಡೆಯಿಂದ ಬಂತಂತೆ, ನಾನು ಹೇಳಿದ ಮೂಡಿನಿಂದ ಬರಲಿಲ್ಲವಂತೆ. ಫೋನಿನಲ್ಲಿ ಹೇಳಿದ ಮುನ್ಸೂಚನೆಗೆ ಪೂರ್ತಿ ಅಂಕ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಎಂಟೂವರೆಗೆ ಮಾಪಕ ನೋಡಿದೆ: 27 ಮಿಲಿಮೀಟರ್. ಹಳದಿಯ ಅರ್ಧಕ್ಕೂ ಬರಲಿಲ್ಲ. ಭಾವನಿಗೆ ಫೋನು ಮಾಡಿ ಅಂಕಿ ಹೇಳಿದೆ. ಅವರ ಮಾಪಕದಲ್ಲಿದ್ದದ್ದು ಎರಡೂವರೆ.